ಲೊರೆಟ್ಟಾ ಹುಡಾಕಳ ಗಟ್ಟಿ ಡಬ್ಬ

ನಮ್ಮೂರಿನ ಪಾದ್ರಿಗೆ ಆಗ ಎಂಬತ್ತೊಂದು ವರ್ಷ. ಊಟಕ್ಕೆಂದು ಒಂದು ಬಾಟಲಿ ವೈನ್ ತೆಗೆದುಕೊಂಡು ಅಂಗಡಿಯ ಗಲ್ಲಾದ ಮುಂದೆ ನಿಂತರೆ, ಲೊರೆಟ್ಟಾ ಹುಡಾಕ್ ಕೈ ಚಾಚಿ, "ಐಡಿ ತೋರಿಸಿ ಫಾದರ್," ಎನ್ನುವಳು.

"ಅಲ್ಲಮ್ಮಾ, ನಿನ್ನ ಮದುವೆ ಮಾಡ್ಸಿದೋನೇ ನಾನಲ್ವೇ?"

"ಹೌದು ಫಾದರ್. ಆವತ್ತು ನಿಮಗೆ ಇಪ್ಪತ್ತೊಂದು ಆಗಿತ್ತೋ ಇಲ್ವೋ ಅಂತ ನಾನು ಕೇಳ್ಲಿಲ್ಲ. ಇವತ್ತು ಕೇಳ್ತಿದ್ದೀನಿ. ತೋರಿಸಿ."

ಪಾಪ, ಪಾದ್ರಿ ಕೋಟಿನ ಜೇಬುಗಳನ್ನೆಲ್ಲ ತಡಕಾಡಿ ಕಾರ್ಡು ತೆಗೆಯುತ್ತಿದ್ದರು. ಲೊರೆಟ್ಟಾ ಅದನ್ನು ಬೆಳಕಿಗೆ ಹಿಡಿದು, ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿ, ಹುಟ್ಟಿದ ದಿನವನ್ನು ಮಷಿನ್ನಿಗೆ ಹೊಡೆದ ಮೇಲೆಯೇ ಬಾಟಲಿ ಕೊಡುವುದು. ಹಿಂದೆ ಸಾಲಿನಲ್ಲಿ ನಿಂತ ನಾವು ಹಲ್ಲು ಕಡಿಯುತ್ತಿದ್ದೆವು. ಕಡಿದು ಏನು ಬಂತು? ಸರದಿ ಬಂದಾಗ ನಾವೂ ತೋರಿಸಲೇಬೇಕಿತ್ತು.

ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರುವಂತಿಲ್ಲ; ಅದಕ್ಕೆ ಅಂಗಡಿಯ ನಿಯಮ ಇದ್ದದ್ದು, ಮೂವತ್ತಕ್ಕಿಂತ ಚಿಕ್ಕವರ ಹಾಗೆ ಕಂಡರೆ ಕೇಳಬೇಕು ಅಂತ. ಆದರೆ ಅವಳ ವಾದವೇ ಬೇರೆ. "ಯಾರು ಹೇಗೆ ಕಾಣ್ತಾರೆ ಅಂತ ಹೇಳೋಕೆ ನಾನೇನು ಕಣ್ಣು ಡಾಕ್ಟರಾ? ಎಲ್ಲರನ್ನೂ ಕೇಳಿದ್ರೆ ಯಾರಿಗೂ ಬೇಜಾರಿಲ್ಲ." ಎಲ್ಲರಿಗೂ ಬೇಜಾರಾಗುತ್ತಿತ್ತು. ಅವಳ ಗಂಡ ಫ್ರಾಂಕ್, ಬದುಕಿದ್ದಾಗ, ಒಂದು ಕ್ರಿಸ್‌ಮಸ್ ಸಂಜೆ ಕಾರ್ಡು ಮರೆತು ಬಿಯರ್ ಕೊಳ್ಳಲು ಹೋದ. ಕೊಡಲಿಲ್ಲ. ಹಿಮದಲ್ಲಿ ಮನೆಗೆ ನಡೆದುಹೋಗಿ, ಸಿಟ್ಟಿಗೆ ಮದುವೆ ಸರ್ಟಿಫಿಕೇಟನ್ನೇ ತಂದು ಗಲ್ಲಾದ ಮೇಲೆ ಬಡಿದ. "ಇದ್ರಲ್ಲಿ ಫೋಟೋ ಇಲ್ವಲ್ಲ ಫ್ರಾಂಕ್," ಅಂದಳು. ಆ ಕ್ರಿಸ್‌ಮಸ್‌ಗೆ ಅವನು ನಮ್ಮ ಮನೆಗೆ ಬಂದು ಕುಡಿದ.

ನಾನು ಮೆಲ್ ಟಿಮ್ಕೊ. ಓಹಾಯೋದ ಈ ಊರಿನಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿದವನು. ಲೊರೆಟ್ಟಾ ನನ್ನ ಪಕ್ಕದ ಮನೆಯವಳು. ನಡುವೆ ಒಂದು ಬೇಲಿ ಇತ್ತು, ಬಿದ್ದುಹೋಯಿತು, ಯಾರು ಕಟ್ಟಬೇಕೆಂದು ಇಪ್ಪತ್ತು ವರ್ಷದಿಂದ ಜಗಳವಾಡುತ್ತಿದ್ದೇವೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬಸ್ಸಿನ ಮಕ್ಕಳೆಲ್ಲ ಹೇಳುತ್ತಿದ್ದರು. ಇದ್ದೀತು. ಈ ಕಥೆ ಹೇಳುವಾಗ ಇನ್ನೂ ಜಾಸ್ತಿಯಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಲೊರೆಟ್ಟಾಳ ಮಗ ದೊಡ್ಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅವನ ಮಗ ರಸ್ಸೆಲ್ ಅಜ್ಜಿಯ ಹತ್ತಿರವೇ ಬೆಳೆದ. ಆ ವರ್ಷ ಜನವರಿಯಲ್ಲಿ ರಸ್‌ಗೆ ಹದಿನೈದು ತುಂಬಿತು. ಅಜ್ಜಿ ಕೊಟ್ಟ ಹುಟ್ಟುಹಬ್ಬದ ದುಡ್ಡು ಹಿಡಿದುಕೊಂಡು ಅಜ್ಜಿಯ ಅಂಗಡಿಗೇ ಹೋಗಿ, ಇಂಟರ್‌ನೆಟ್ಟಿನಲ್ಲಿ ಸಾಮಾನು ತರಿಸಲು ಬಳಸುವ ಮುಂಗಡ ದುಡ್ಡು ತುಂಬಿದ ಕಾರ್ಡೊಂದನ್ನು ಅಜ್ಜಿಯ ಗಲ್ಲಾದಲ್ಲೇ ಕೊಂಡ. ನೆಗಡಿಯಾಗಿತ್ತು, ಜೊತೆಗೆ ಒಂದು ಕೆಮ್ಮಿನ ಸಿರಪ್ಪನ್ನೂ ಇಟ್ಟ.

"ಸಿರಪ್ ಕೊಡಲ್ಲ," ಅಂದಳು ಲೊರೆಟ್ಟಾ. "ಅದಕ್ಕೆ ಹದಿನೆಂಟಾಗ್ಬೇಕು."

"ಅಜ್ಜೀ, ಮನೇಲಿ ನೀನೇ ಕುಡಿಸ್ತೀಯಲ್ಲ!"

"ಮನೇಲಿ ನಾನು ಅಜ್ಜಿ. ಇಲ್ಲಿ ಮೂರನೇ ನಂಬರ್ ಗಲ್ಲಾ. ಮುಂದಿನವರು ಬನ್ನಿ."

ಸಿರಪ್ಪನ್ನು ವಾಪಸ್ಸು ಇಟ್ಟಳು, ಕಾರ್ಡನ್ನು ಕೊಟ್ಟಳು. ಹುಡುಗ ಕೆಮ್ಮುತ್ತಾ ಮನೆಗೆ ಹೋದ.

ಫೆಬ್ರವರಿಯಲ್ಲಿ ಒಂದು ದಿನ ಕೊರಿಯರ್ ಹುಡುಗ ಬಾಗಿಲು ಬಡಿದ. ಕೈಯಲ್ಲಿ ಒಂದು ಡಬ್ಬ, ಲೊರೆಟ್ಟಾಳ ತಂಗಿ ಕ್ಯಾಲಿಫೋರ್ನಿಯಾದಿಂದ ಕಳಿಸಿದ ವೈನ್. "ಮೇಡಂ, ಐಡಿ ಬೇಕು. ಇಪ್ಪತ್ತೊಂದಾದವರ ಸಹಿ ಇಲ್ಲದೆ ಕೊಡೋ ಹಾಗಿಲ್ಲ," ಅಂದ. ಲೊರೆಟ್ಟಾಗೆ ಅರವತ್ಮೂರು. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತನ್ನ ಜಾತಿಯವನೊಬ್ಬ ಸಿಕ್ಕನಲ್ಲ ಎಂದು ಓಡಿಹೋಗಿ ಕಾರ್ಡು ತಂದು, "ಫೋಟೋ ಸರಿಯಾಗಿ ನೋಡಪ್ಪಾ, ಅವಸರ ಮಾಡ್ಬೇಡ," ಎಂದು ಅವನಿಗೇ ಪಾಠ ಹೇಳಿ ಸಹಿ ಹಾಕಿದಳು. ಆಮೇಲೆ ನೋಡಿದರೆ ಕಾಲೊರಸಿನ ಮೇಲೆ ಇನ್ನೊಂದು ಡಬ್ಬ. ಮೇಲೆ ರಸ್ಸೆಲ್ ಹುಡಾಕ್ ಎಂಬ ಹೆಸರು.

"ಇದಕ್ಕೆ?" ಅಂದಳು.

"ಅದಕ್ಕೇನೂ ಬೇಡ ಮೇಡಂ."

ಅವಳು ಎರಡನ್ನೂ ಒಳಗೆ ತಂದಳು. ವೈನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ರಸ್‌ನ ಡಬ್ಬವನ್ನು ಮಹಡಿಗೆ ಹೊತ್ತುಕೊಂಡು ಹೋಗಿ ಅವನ ಹಾಸಿಗೆಯ ಮೇಲೆ ಇಟ್ಟು, ಹೊದಿಕೆ ಸರಿಮಾಡಿ ಬಂದಳು.

ಒಳಗಿದ್ದದ್ದು ಪಿಸ್ತೂಲು. ಅಲ್ಲ, ತಾಳಿ, ಪಿಸ್ತೂಲಲ್ಲ; ಅದನ್ನು ಮಾರಿದ ಕಂಪನಿಯವರು ಕೇಳಿಸಿಕೊಂಡರೆ ನನ್ನ ಮೇಲೆ ಕೇಸು ಹಾಕಿಯಾರು. ಎಂಬತ್ತು ಪಾಲು ಪಿಸ್ತೂಲು. ಉಳಿದ ಇಪ್ಪತ್ತು ಪಾಲನ್ನು ಕೊಂಡವನು ಮನೆಯಲ್ಲಿ ಮುಗಿಸಿಕೊಳ್ಳಬೇಕು. ಪೂರ್ತಿ ಪಿಸ್ತೂಲಾದರೆ ಅದಕ್ಕೊಂದು ನಂಬರ್ ಕೆತ್ತಬೇಕು, ಕೊಳ್ಳುವವನ ವಯಸ್ಸು ಕೇಳಬೇಕು, ಹಿಂದುಮುಂದು ವಿಚಾರಿಸಬೇಕು. ಎಂಬತ್ತು ಪಾಲಿಗೆ ಇದ್ಯಾವುದೂ ಇಲ್ಲ. ಕಾಗದ ಹಾರದಂತೆ ಮೇಲೆ ಇಡುವ ಭಾರ ಅಂತ ಅವರು ಅದನ್ನು ಮಾರುತ್ತಿದ್ದರು. ಎಂಬತ್ತು ಪಾಲು ಬೆಂದ ಕೋಳಿಯನ್ನು ಕೋಳಿಯಲ್ಲ, ದಿಂಬು ಎಂದು ಮಾರಿದರೆ ಯಾರಾದರೂ ಒಪ್ಪುತ್ತಾರೆಯೇ? ಥೂ!

ಆ ಇಪ್ಪತ್ತು ಪಾಲಿಗೆ ಡ್ರಿಲ್ ಬೇಕಿತ್ತು. ಡ್ರಿಲ್ ನನ್ನದು. "ಹಕ್ಕಿಗೂಡು ಮಾಡ್ತೀನಿ ಮೆಲ್ ತಾತ," ಅಂದ ರಸ್. ಬಸ್ಸಿನಲ್ಲಿ ಒಂದು ಚ್ಯೂಯಿಂಗ್ ಗಮ್ ಸೀಟಿಗೆ ಅಂಟಿಸಿದರೆ ಯಾರದೆಂದು ಮೂಸಿ ಹಿಡಿಯುತ್ತಿದ್ದ ನಾನು, ಹಿಮ ಸುರಿಯುವ ತಿಂಗಳಲ್ಲಿ ಯಾವ ಹಕ್ಕಿಗೆ ಗೂಡು ಕಣೋ ಅಂತ ಒಂದು ಮಾತು ಕೇಳಲಿಲ್ಲ. ವಯರು ಸುತ್ತಿ ಕೈಗೆ ಕೊಟ್ಟೆ.

ಮಾರ್ಚ್‌ನಲ್ಲಿ, ಮಧ್ಯಾಹ್ನ ನಾಲ್ಕು ಗಂಟೆಗೆ, ಲೊರೆಟ್ಟಾ ಗಲ್ಲಾದಲ್ಲಿ ಯಾರನ್ನೋ ಐಡಿ ಕೇಳುತ್ತಿದ್ದ ಹೊತ್ತಿಗೆ, ಅವಳ ಅಡುಗೆಮನೆಯಲ್ಲಿ ಆ ಪಿಸ್ತೂಲು ಸಿಡಿಯಿತು. ರಸ್‌ನ ಜೊತೆಗಿದ್ದವನು ಡೆವಿನ್ ಬಿವೆನ್ಸ್, ಎದುರು ಮನೆಯ ಹುಡುಗ. ಇಬ್ಬರೂ ಆರು ವರ್ಷದವರಿದ್ದಾಗಿನಿಂದ ನನ್ನ ಬಸ್ಸಿನಲ್ಲಿ ಒಂದೇ ಸೀಟು. ಹಿಂಬದಿ ಒಡೆದು ರಸ್‌ನ ಬಲಗೈಯ ಎರಡು ಬೆರಳು ಹೋದವು. ಮುಂಬದಿಯಿಂದ ಗುಂಡು ಹೊರಟು ಡೆವಿನ್‌ನ ಸೊಂಟದ ಮೂಳೆ ಪುಡಿಯಾಯಿತು. ಮೊದಲು ಒಳಗೆ ಓಡಿದವನು ನಾನು. ಆ ಅಡುಗೆಮನೆಯನ್ನು ಇಲ್ಲಿ ಬಣ್ಣಿಸುವುದಿಲ್ಲ, ನನ್ನಿಂದಾಗದು. ಇಬ್ಬರೂ ಬದುಕಿದರು.

ಪೊಲೀಸರು ಬಂದು ಪಿಸ್ತೂಲು, ನನ್ನ ಡ್ರಿಲ್, ರಸ್‌ನ ಕಂಪ್ಯೂಟರ್ ಎಲ್ಲ ಹೊತ್ತುಕೊಂಡು ಹೋದರು. ಕಂಪ್ಯೂಟರ್ ಇವತ್ತಿಗೂ ಯಾವುದೋ ಕಪಾಟಿನಲ್ಲಿ ತನ್ನ ಸರದಿಗೆ ಕಾಯುತ್ತಿದೆ. ಪಿಸ್ತೂಲಿಗೆ ನಂಬರ್ ಇಲ್ಲ; ಆದ್ದರಿಂದ ಅದು ಯಾರದ್ದೂ ಅಲ್ಲ, ಎಲ್ಲಿಂದಲೂ ಬಂದದ್ದಲ್ಲ. ರಸ್ ಆಸ್ಪತ್ರೆಯ ಹಾಸಿಗೆಯಲ್ಲೇ ಕಂಪನಿಯ ಹೆಸರು ಹೇಳಿದ. ಕೇಳಿದರೆ ಆ ಕಂಪನಿ ಅವನ ಖಾತೆಯನ್ನೇ ಅಳಿಸಿಹಾಕಿತ್ತು.

ಲೊರೆಟ್ಟಾ ಸುಮ್ಮನಿರುವವಳೇ? ಜಿಲ್ಲಾ ಕೇಂದ್ರದಿಂದ ಪ್ರಿಸಿಲ್ಲಾ ಎನ್ನುವ ಚುರುಕು ಲಾಯರ್ ಹುಡುಗಿಯನ್ನು ಹಿಡಿದು, ರಸ್‌ನ ಪರವಾಗಿ ಕಂಪನಿಯ ಮೇಲೆ ದಾವೆ ಹೂಡಿಸಿದಳು. ಕೇಳಿದ್ದು ಇಷ್ಟೇ: ಹದಿನೈದರ ಹುಡುಗನಿಗೆ ನೀವು ಮಾರಿದ್ದೀರಿ, ಅದಕ್ಕೆ ನೀವು ಉತ್ತರ ಕೊಡಬೇಕು. ಕಂಪನಿಯ ಉತ್ತರ ಎರಡು ಪುಟ ಬಂತು. ಪ್ರಿಸಿಲ್ಲಾ ಓದಿ ಹೇಳಿದಳು. ನಮ್ಮಲ್ಲಿ ಇಪ್ಪತ್ತೊಂದು ತುಂಬಿದವರು ಮಾತ್ರ ಕೊಳ್ಳಬಹುದು, ಹಾಗೆಂದು ಪರದೆಯ ಮೇಲೆ ಬರೆದಿದೆ. ಈ ಹುಡುಗನಿಗೆ ಹದಿನೈದು. ಆದ್ದರಿಂದ ಇವನು ಕೊಂಡಿರಲು ಸಾಧ್ಯವೇ ಇಲ್ಲ. ಕೊಂಡಿದ್ದರೆ ಮನೆಯಲ್ಲಿರುವ ದೊಡ್ಡವರೇ ಕೊಂಡಿರಬೇಕು, ಅಂದರೆ ಅಜ್ಜಿ. ಅದೂ ಅಲ್ಲದೆ ನಾವು ಮಾರಿದ್ದು ಪಿಸ್ತೂಲಲ್ಲ. ಅದನ್ನು ಮಾರಿದವರೂ ನಾವಲ್ಲ.

"ಅಯ್ಯೋ ಇವರ ಮನೆ ಹಾಳಾಗ! ನಾನು ಕೊಂಡೆನಂತೆ ನಾನು!" ಎಂದು ಲೊರೆಟ್ಟಾ ನನ್ನ ಅಡುಗೆಮನೆಯ ಮೇಜು ಗುದ್ದಿದಳು. "ನನ್ನ ಮೊಮ್ಮಗನಿಗೆ ಸಿರಪ್ ಕೊಡದವಳು ನಾನು!"

ಸುಮ್ಮನೆ ನಗುವ ವಿಷಯವಾಗಿರಲಿಲ್ಲ. ಕೇಸು ಬಿದ್ದುಹೋದರೆ ಊರಿನ ಲೆಕ್ಕದಲ್ಲಿ ಅಜ್ಜಿಯೇ ಕೊಡಿಸಿದಳೆಂದು ಆಗಿಬಿಡುತ್ತಿತ್ತು, ಸರ್ಕಾರಿ ವಕೀಲನೂ ಅವಳ ಕಡೆ ತಿರುಗಿ ನೋಡತೊಡಗಿದ್ದ. ಆಮೇಲೆ ರಸ್‌ನನ್ನು ಅವಳ ಮನೆಯಲ್ಲಿ ಬಿಡುವವರು ಯಾರು? ಡೆವಿನ್‌ನ ತಾಯಿ ಕ್ಯಾಮಿಲ್‌ಳನ್ನೂ ದಾವೆಗೆ ಸೇರಲು ಪ್ರಿಸಿಲ್ಲಾ ಕೇಳಿದಳು. "ಆಯಮ್ಮನ ಹೆಸರಿರೋ ಕಾಗದಕ್ಕೆ ನನ್ನ ಸಹಿ ಬೀಳಲ್ಲ," ಎಂದು ಕ್ಯಾಮಿಲ್ ಬಾಗಿಲು ಹಾಕಿಕೊಂಡಳು. ಮಾರ್ಚ್‌ನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಲೊರೆಟ್ಟಾ ರಸ್ತೆ ದಾಟುವುದನ್ನೇ ಬಿಟ್ಟಿದ್ದಳು.

ಈಗ ಮದುವೆಯ ವಿಷಯ ಹೇಳಬೇಕು. ನಮ್ಮ ಕಡೆಯ ಮದುವೆಗಳಲ್ಲಿ ವರ ಬಾರದಿದ್ದರೂ ನಡೆದೀತು, ಬಿಸ್ಕತ್ತಿನ ಮೇಜು ಇಲ್ಲದಿದ್ದರೆ ನಡೆಯದು. ಅತ್ತೆ, ಚಿಕ್ಕಮ್ಮ, ಅಕ್ಕಪಕ್ಕದ ಹೆಂಗಸರು ಎಲ್ಲ ತಿಂಗಳುಗಟ್ಟಲೆ ಮನೆಯಲ್ಲಿ ಬಿಸ್ಕತ್ತು ಮಾಡಿ ಡಬ್ಬ ಡಬ್ಬ ತಂದು ಸುರಿಯುತ್ತಾರೆ. ಮದುವೆ ಮುಗಿದ ಮೇಲೆ ಉಳಿದದ್ದನ್ನು ಅವೇ ಡಬ್ಬಗಳಲ್ಲಿ ತುಂಬಿ ಊರಿಗೆಲ್ಲ ಹಂಚುವುದು. ಅದಕ್ಕಾಗಿ ಪ್ರತಿ ಮನೆಯ ನೆಲಮಾಳಿಗೆಯಲ್ಲೂ ಗಟ್ಟಿಯಾದ ರಟ್ಟಿನ ಡಬ್ಬಗಳ ರಾಶಿ ಇರುತ್ತದೆ. ಒಳ್ಳೆಯ ಡಬ್ಬವನ್ನು ಎಸೆಯುವ ಹೆಂಗಸಿಗೆ ನಮ್ಮೂರಿನಲ್ಲಿ ಮರ್ಯಾದೆಯಿಲ್ಲ. ಜೂನ್‌ನಲ್ಲಿ ಪ್ಯಾಟಿ ಸಬಟೀನೊಳ ಮಗಳ ಮದುವೆಗೆ ಲೊರೆಟ್ಟಾ ಕೆನೆ ತುಂಬಿದ ಸುರುಳಿ ಬಿಸ್ಕತ್ತು ನೂರೆಂಬತ್ತು ಮಾಡಿದಳು. ಪೇಚಾಟದ ನಡುವೆ ಮನಸ್ಸಿಗೆ ಅದೊಂದು ಸಮಾಧಾನ ಅಂದಳು.

ಮದುವೆ ಮುಗಿದ ಮಾರನೆಯ ವಾರ, ಬುಧವಾರ ಸಂಜೆ, ಪ್ರಿಸಿಲ್ಲಾ ಫೋನ್ ಮಾಡಿದಳು. ಮುಂದಿನ ಸೋಮವಾರ ನ್ಯಾಯಾಧೀಶೆ ಕೇಸು ಇಡುವುದೋ ಎಸೆಯುವುದೋ ತೀರ್ಮಾನಿಸುತ್ತಾರೆ; ಆ ಕಂಪನಿ ರಸ್‌ಗೆ ಕಳಿಸಿದ್ದಕ್ಕೆ ಒಂದೇ ಒಂದು ತುಂಡು ಕಾಗದವಾದರೂ ಬೇಕು.

"ಬಂದ ಡಬ್ಬ ಇದ್ಯಾ ಮಿಸೆಸ್ ಹುಡಾಕ್? ಅದರ ಮೇಲೆ ವಿಳಾಸದ ಚೀಟಿ ಇರುತ್ತಲ್ಲ?"

"ಡಬ್ಬವಾ? ಇದೆ ಇದೆ, ನಾನು ಡಬ್ಬ ಎಸೆಯೋಳಲ್ಲ," ಎಂದು ಲೊರೆಟ್ಟಾ ಹೆಮ್ಮೆಯಿಂದ ನೆಲಮಾಳಿಗೆಗೆ ಇಳಿದಳು. ನಾನು ಮೇಲೆ ಮೆಟ್ಟಿಲ ಹತ್ತಿರ ನಿಂತಿದ್ದೆ. ಐದು ನಿಮಿಷ ರಟ್ಟು ಎಳೆದಾಡುವ ಸದ್ದು. ಆಮೇಲೆ ಕೆಳಗಿನಿಂದ ಒಂದು ದನಿ ಬಂತು, ಅವಳದೇ ಎಂದು ನನಗೆ ಮೊದಲು ಗೊತ್ತಾಗಲಿಲ್ಲ.

"ಮೆಲ್. ಅದ್ರಲ್ಲಿ ಬಿಸ್ಕತ್ತು ತುಂಬಿ ಕಳಿಸ್ಬಿಟ್ಟೆ ಕಣೋ."

"ಯಾವುದ್ರಲ್ಲಿ?"

"ಅದ್ರಲ್ಲೇ. ಗಟ್ಟಿ ಇತ್ತು. ಚೀಟಿ ಅಡಿಗೆ ಬರೋ ಹಂಗೆ ತಿರುಗಿಸಿ, ಮೇಲೆ ಟೇಪ್ ಹಾಕಿ ಹುಡಾಕ್ ಅಂತ ಬರ್ದೆ."

ನಾನು ಬಾಯಿಗೆ ಬಂದಂತೆ ಬೈದೆ. ಅವಳು ತಿರುಗಿ ಬೈಯಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಅವಳಿಗೆ ಕಾರು ಓಡಿಸಲು ಬಾರದು, ನಾನೇ ಹೊರಡಿಸಿದೆ. ಮೊದಲು ಪ್ಯಾಟಿಯ ಮನೆ. ಪ್ಯಾಟಿ ವಂದನೆಯ ಪತ್ರ ಬರೆಯಲೆಂದು ಯಾರ ಡಬ್ಬ ಎಲ್ಲಿಗೆ ಹೋಯಿತು ಎಂದು ಪಟ್ಟಿ ಮಾಡಿಟ್ಟಿದ್ದಳು. ಪಟ್ಟಿ ನೋಡಿ, ಲೊರೆಟ್ಟಾಳ ಮುಖ ನೋಡಿ, ಪಟ್ಟಿಯನ್ನು ಎದೆಗೆ ಅವಚಿಕೊಂಡು, "ಅಗ್ನಿಶಾಮಕ ಠಾಣೆಗೆ ಕೊಟ್ಟೆ ಅನ್ಸುತ್ತೆ," ಅಂದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಠಾಣೆಯವರಿಗೆ ಮದುವೆಯಿಂದ ಏಳು ಡಬ್ಬ ಹೋಗಿದ್ದವು. ಬಿಸ್ಕತ್ತು ಎಂದೋ ಮುಗಿದಿತ್ತು. ಆರು ಡಬ್ಬ ಅಲ್ಲೇ ಸಿಕ್ಕವು, ಒಂದರಲ್ಲಿ ಬೂಟ್ ಪಾಲಿಷ್ ಇತ್ತು. ಒಂದೂ ನಮ್ಮದಲ್ಲ. ಏಳನೆಯದು ಎಲ್ಲಿ ಎಂದರೆ ಅಷ್ಟೂ ಜನ ಗಂಡಸರು ಮೂಲೆಯ ಖಾಲಿ ಪಂಜರದ ಕಡೆ ತಿರುಗಿದರು. ಠಾಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಒಂದು ಗಿಣಿ ಇತ್ತು, ಸಾರ್ಜೆಂಟ್ ಅಂತ ಹೆಸರು. ಬುಧವಾರ ತೀರಿಕೊಂಡಿತ್ತು. ಹಿತ್ತಲಿನಲ್ಲಿ ಹೂತಿದ್ದರು, ಡಬ್ಬದಲ್ಲಿ.

"ಯಾರ ಡಬ್ಬ ಅಂತ ನೋಡಿದ್ರಾ?" ಅಂದಳು ಲೊರೆಟ್ಟಾ.

"ಅಳ್ತಾ ಇದ್ವಿ ಮೇಡಂ," ಅಂದ ಮುಖ್ಯಸ್ಥ. "ಯಾರೂ ನೋಡ್ಲಿಲ್ಲ."

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾರ್ಜೆಂಟನನ್ನು ಹೊರತೆಗೆದೆವು. ಅಗೆದವನು ನಾನು, ಅವರ ಸೊಂಟಕ್ಕಿಂತ ನನ್ನ ಸೊಂಟ ಮುದಿ, ಆದರೂ ಅವರಲ್ಲಿ ಒಬ್ಬನೂ ಸಲಿಕೆ ಮುಟ್ಟಲಿಲ್ಲ, ಮನಸ್ಸು ಬರುವುದಿಲ್ಲವಂತೆ. ಎರಡನೇ ಸಲ ಟೋಪಿ ತೆಗೆದು ಸಾಲಾಗಿ ನಿಂತರು. ಲೊರೆಟ್ಟಾ ಮಣ್ಣು ಒರೆಸಿ ಟೇಪ್ ಓದಿದಳು: ಡಿ'ಅಮೀಕೊ. ತಳ ತಿರುಗಿಸಿ ನೋಡಿದಳು. ಯಾವುದೋ ಚಪ್ಪಲಿ ಅಂಗಡಿಯ ಡಬ್ಬ.

"ಸಾರಿ ಸಾರ್ಜೆಂಟ್," ಅಂದಳು ಗಿಣಿಗೆ. ಮತ್ತೆ ಮುಚ್ಚಿದವನೂ ನಾನೇ.

ಕೈಕಾಲೆಲ್ಲ ಮಣ್ಣು ಮಾಡಿಕೊಂಡು ನೇರ ಪ್ಯಾಟಿಯ ಬಾಗಿಲಿಗೇ ಹೋಗಿ ನಿಂತೆವು. "ಪ್ಯಾಟೀ, ಗಿಣಿ ಅಗೆಸಿದ್ದೀಯ ನನ್ನ ಹತ್ರ. ಇನ್ನೇನಾದ್ರೂ ಸುಳ್ಳು ಹೇಳಿದ್ರೆ ನಿಮ್ಮತ್ತೇನೂ ಅಗೆದು ನೋಡ್ತೀನಿ," ಅಂದೆ. ಪ್ಯಾಟಿ ಅಳತೊಡಗಿದಳು. ಅವಳು ಆ ಡಬ್ಬವನ್ನು ಕ್ಯಾಮಿಲ್ ಬಿವೆನ್ಸ್‌ಗೆ ಕಳಿಸಿದ್ದಳು. ಪಾಪದ ಹುಡುಗ, ಊರುಗೋಲಿನಲ್ಲಿ ಮದುವೆಗೆ ಬರಲಾಗಲಿಲ್ಲ, ತಿನ್ನಲಿ ಎಂದು ಕೈಗೆ ಸಿಕ್ಕ ತುಂಬಿದ ಡಬ್ಬ ಕೊಟ್ಟು ಕಳಿಸಿದ್ದು. ಮೇಲಿನ ಹೆಸರು ನೋಡಿದ್ದು ಆಮೇಲೆ. ಹೇಳಲು ಬಾಯಿ ಬಂದಿರಲಿಲ್ಲ.

ಶುಕ್ರವಾರ ಇಡೀ ದಿನ ಲೊರೆಟ್ಟಾ ಕಿಟಕಿಯ ಹತ್ತಿರ ಕೂತು ಎದುರು ಮನೆಯನ್ನು ನೋಡಿದಳು. "ನಾನು ಹೋಗಿ ಕೇಳಲಾ?" ಅಂದೆ. "ಬೇಡ," ಅಂದಳು. ಶನಿವಾರ ಬೆಳಿಗ್ಗೆ ಕೋಟು ಹಾಕಿಕೊಂಡು, ಜೂನ್ ತಿಂಗಳಲ್ಲಿ ಕೋಟು, ರಸ್ತೆ ದಾಟಿದಳು. ನಾನು ಎರಡು ಹೆಜ್ಜೆ ಹಿಂದೆ ಹೋದೆ.

ಕ್ಯಾಮಿಲ್ ಆಸ್ಪತ್ರೆಯೊಂದರ ಅಡುಗೆ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಹನ್ನೊಂದು ವರ್ಷ, ಪ್ರತಿ ಶುಕ್ರವಾರ ಕೆಲಸ ಮುಗಿಸಿ, ಲೊರೆಟ್ಟಾಳ ಗಲ್ಲಾದಲ್ಲಿ ಒಂದು ಬಾಟಲಿ ವೈನ್ ಕೊಂಡವಳು. ಹನ್ನೊಂದು ವರ್ಷವೂ ಎದುರು ಮನೆಯ ಲೊರೆಟ್ಟಾ ಅವಳ ಕಾರ್ಡು ಕೇಳಿದ್ದಳು. ಕ್ಯಾಮಿಲ್ ಬಾಗಿಲು ತೆರೆದಳು, ಸರಪಳಿ ತೆಗೆಯಲಿಲ್ಲ.

"ಯಾರು?"

"ನಾನು ಕ್ಯಾಮಿಲ್, ಲೊರೆಟ್ಟಾ."

"ಯಾವ ಲೊರೆಟ್ಟಾ?"

"ಎದುರು ಮನೆ..."

"ಐಡಿ ತೋರಿಸಿ."

ನಾನು ಬೈಯಲು ಬಾಯಿ ತೆರೆದೆ. ಲೊರೆಟ್ಟಾ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು. ಕೈಚೀಲವನ್ನು ಪಾದ್ರಿಯ ಹಾಗೆಯೇ ತಡಕಾಡಿ ಕಾರ್ಡು ತೆಗೆದಳು. ಕ್ಯಾಮಿಲ್ ಸಂದಿಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಫೋಟೋ ನೋಡಿದಳು, ಮುಖ ನೋಡಿದಳು. ಹೆಸರು, ವಿಳಾಸ, ಹುಟ್ಟಿದ ದಿನ, ಎತ್ತರ, ಕಣ್ಣಿನ ಬಣ್ಣ, ಒಂದೊಂದನ್ನೂ ಗಟ್ಟಿಯಾಗಿ ಓದಿದಳು.

"ಸತ್ತ ಮೇಲೆ ಅಂಗಾಂಗ ದಾನ ಮಾಡ್ತೀರಿ ಅಂತ ಇದೆ," ಅಂದಳು. "ಒಳ್ಳೇದು."

ಆಮೇಲೆ ಸರಪಳಿ ತೆಗೆದಳು. ಡಬ್ಬ ಅಡುಗೆಮನೆಯಲ್ಲಿ, ಫ್ರಿಜ್ಜಿನ ಮೇಲೆ ಇತ್ತು. ಡೆವಿನ್ ಮೇಜಿನ ಹತ್ತಿರ ಕುಳಿತಿದ್ದ, ಗೋಡೆಗೆ ಊರುಗೋಲು.

"ಬಿಸ್ಕತ್ತು ಇವನು ತಿಂದ," ಅಂದಳು ಕ್ಯಾಮಿಲ್. "ಚಿಕ್ಕಂದಿನಿಂದ ನಿಮ್ಮ ಸುರುಳಿ ಅಂದ್ರೆ ಪ್ರಾಣ. ಮುಗಿದ ಮೇಲೆ ಪುಡಿ ಕೊಡವೋಣ ಅಂತ ಡಬ್ಬ ಬೋರಲು ಹಾಕ್ದೆ. ನನ್ನ ಮಗನ ಸೊಂಟ ಮುರಿದದ್ದು ಯಾವ ಡಬ್ಬದಲ್ಲಿ ಬಂತೋ, ಅದ್ರಲ್ಲೇ ಸಿಹಿ ಕಳಿಸಿದ್ದೀರಿ ಮಿಸೆಸ್ ಹುಡಾಕ್. ಮೇಲೆ ನಿಮ್ಮ ಹೆಸರು ಬೇರೆ ಬರ್ದು."

ನಾನು ಕಳಿಸಿದ್ದಲ್ಲ, ಪ್ಯಾಟಿ ಕಳಿಸಿದ್ದು, ಎಂದು ಲೊರೆಟ್ಟಾ ಹೇಳಬಹುದಿತ್ತು. ನಿಜವೂ ಆಗಿತ್ತು. ಅವಳು ಹಾಗೆನ್ನಲಿಲ್ಲ.

"ಅದನ್ನ ಆರಿಸಿದ್ದು ನಾನೇ ಕ್ಯಾಮಿಲ್. ಒಳ್ಳೇ ಗಟ್ಟಿ ಡಬ್ಬ ಅಂತ. ಸೋಮವಾರ ಕೋರ್ಟಿಗೆ ಅದು ಬೇಕು."

ಕ್ಯಾಮಿಲ್ ಫ್ರಿಜ್ಜಿನ ಮೇಲಿಂದ ಡಬ್ಬ ಇಳಿಸಿ ತನ್ನ ಕಂಕುಳಲ್ಲಿ ಇಟ್ಟುಕೊಂಡಳು. "ಕೊಡಲ್ಲ," ಅಂದಳು. "ನಿಮ್ಮ ಕೈಗೆ ಕೊಟ್ರೆ ಅದ್ರಲ್ಲಿ ಇನ್ನೇನು ತುಂಬ್ತೀರೋ. ಸೋಮವಾರ ನಾನೇ ತರ್ತೀನಿ. ಎಷ್ಟು ಗಂಟೆಗೆ?"

ಸೋಮವಾರ ಕೋರ್ಟಿನಲ್ಲಿ ಕ್ಯಾಮಿಲ್ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ಡೆವಿನ್. ನಾವು ಮೂವರು, ಲೊರೆಟ್ಟಾ, ರಸ್, ನಾನು, ಇನ್ನೊಂದು ಬೆಂಚಿನಲ್ಲಿ. ರಸ್ ತನ್ನ ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಕಂಪನಿಯ ವಕೀಲ ಉದ್ದನೆಯ ಮನುಷ್ಯ, ಬೂಟು ಮಿರಮಿರ. ಡಬ್ಬವನ್ನು ಮೇಜಿನ ಮೇಲಿಟ್ಟಾಗ ಒಳಗಿನಿಂದ ಸಕ್ಕರೆ ಪುಡಿ ಉದುರಿತು.

"ಗೌರವಾನ್ವಿತರೇ," ಅಂದ ಆತ ನ್ಯಾಯಾಧೀಶೆಗೆ, "ಈ ಡಬ್ಬದಲ್ಲಿ ಬಿಸ್ಕತ್ತು ಇತ್ತು ಅನ್ನೋದಕ್ಕೆ ಸಾಕ್ಷಿ ಕಣ್ಣೆದುರಿಗೇ ಇದೆ. ಬೇರೇನಾದರೂ ಇತ್ತು ಅನ್ನೋದಕ್ಕೆ ಇಲ್ಲ."

ನಾನು ಎದ್ದು ನಿಂತೆ. ಪ್ರಿಸಿಲ್ಲಾ ನನ್ನ ಕೋಟು ಹಿಡಿದು ಕೂರಿಸಿ, ಡಬ್ಬವನ್ನು ಬೋರಲು ಹಾಕಿದಳು. ಕಳಿಸಿದವರ ಹೆಸರು, ಕಂಪನಿಯದೇ. ತಲುಪಬೇಕಾದವನ ಹೆಸರು, ರಸ್ಸೆಲ್ ಹುಡಾಕ್. ಕೆಳಗೆ ದಪ್ಪ ಅಕ್ಷರದಲ್ಲಿ, ಸಹಿ ಅಗತ್ಯವಿಲ್ಲ. ಅದರ ಪಕ್ಕ ಒಂದು ಪ್ಲಾಸ್ಟಿಕ್ ಚೀಲ ಅಂಟಿಸಿತ್ತು. ಲೊರೆಟ್ಟಾ ಅದನ್ನು ಬಿಚ್ಚಿಯೇ ಇರಲಿಲ್ಲ. ಪ್ರಿಸಿಲ್ಲಾ ಅದರಿಂದ ಮಡಿಸಿದ ಕಾಗದವೊಂದನ್ನು ತೆಗೆದು ನ್ಯಾಯಾಧೀಶೆಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ಓದಿದರು, ಮತ್ತೆ ಓದಿದರು, ಆಮೇಲೆ ಎಲ್ಲರಿಗೂ ಕೇಳುವಂತೆ ಓದಿದರು.

"ಪ್ರಿಯ ರಸ್ಸೆಲ್, ನಿಮಗೆ ಹದಿನೈದನೆಯ ಹುಟ್ಟುಹಬ್ಬದ ಶುಭಾಶಯಗಳು. ಈ ತಿಂಗಳ ಖರೀದಿಗೆ ಶೇಕಡ ಹತ್ತು ರಿಯಾಯಿತಿ ನಮ್ಮ ಉಡುಗೊರೆ."

ಹುಡುಗ ಕೊಳ್ಳುವಾಗ ಪರದೆಯ ಮೇಲೆ ಇಪ್ಪತ್ತೊಂದು ತುಂಬಿದೆ ಎಂಬ ಜಾಗದಲ್ಲಿ ಗುರುತು ಹಾಕಿದ್ದ. ಅದರ ಕೆಳಗೆ ಹುಟ್ಟಿದ ದಿನ ಕೇಳಿದಾಗ, ಪೆದ್ದ, ನಿಜವನ್ನೇ ಬರೆದಿದ್ದ. ಅವರ ಕಂಪ್ಯೂಟರ್ ಅದನ್ನು ಓದಿ, ಲೆಕ್ಕ ಹಾಕಿ, ಶುಭ ಹಾರೈಸಿತ್ತು.

ನ್ಯಾಯಾಧೀಶೆ ಕೇಸನ್ನು ಎಸೆಯಲಿಲ್ಲ. ಕಂಪನಿ ಬಂದು ಉತ್ತರ ಕೊಡಲೇಬೇಕು ಅಂದರು. ನಮಗೆ ಉಸಿರು ಬಂತು. ಆಮೇಲೆ ಅವರು, ದಾಖಲೆಗಾಗಿ, ಒಂದು ಸಣ್ಣ ಪ್ರಶ್ನೆ ಕೇಳಿದರು: ಸಹಿ ಇಲ್ಲದೆ ಬಾಗಿಲಲ್ಲಿ ಬಿದ್ದಿದ್ದ ಡಬ್ಬವನ್ನು ಒಳಗೆ ತಂದವರು ಯಾರು?

ಲೊರೆಟ್ಟಾ ಎದ್ದು ನಿಂತಳು.

"ನಾನು. ಅವನ ಹಾಸಿಗೆ ಮೇಲಿಟ್ಟು ಹೊದಿಕೆ ಸರಿಮಾಡಿ ಬಂದೆ. ಇಪ್ಪತ್ತೊಂಬತ್ತು ವರ್ಷದಿಂದ ಊರನ್ನೆಲ್ಲ ಕೇಳಿದ್ದೀನಮ್ಮ, ಪಾದ್ರಿಗಳನ್ನೂ ಬಿಟ್ಟಿಲ್ಲ. ಇವನನ್ನ ಒಂದು ಮಾತು, ಏನಪ್ಪಾ ಅದ್ರಲ್ಲಿ ಅಂತ ಕೇಳ್ಲಿಲ್ಲ. ಅವರಿಂದ ಉತ್ತರ ತಗೊಳ್ಳಿ, ಬಿ‌ಡ್ಬೇಡಿ. ಆದ್ರೆ ಇದನ್ನೂ ಬರ್ಕೊಳ್ಳಿ."

"ಡ್ರಿಲ್ ನಂದು," ಅಂದೆ ನಾನು. ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ. "ಅದನ್ನೂ ಬರ್ಕೊಳ್ಳಿ."

ನ್ಯಾಯಾಧೀಶೆ ನನ್ನನ್ನು ಕೂರಲು ಹೇಳಿದರು. ಗುಮಾಸ್ತ ಡಬ್ಬಕ್ಕೆ ಚೀಟಿ ಅಂಟಿಸಿದ. ಆ ಪಿಸ್ತೂಲಿಗೆ ಇಲ್ಲದ ನಂಬರ್ ಡಬ್ಬಕ್ಕೆ ಬಂತು, ಸಾಕ್ಷಿ ಸಂಖ್ಯೆ ಒಂದು.

ಹೊರಗೆ ಮೆಟ್ಟಿಲ ಮೇಲೆ ರಸ್ ಮತ್ತು ಡೆವಿನ್ ಒಬ್ಬರನ್ನೊಬ್ಬರು ನೋಡದೆ, ಹತ್ತಿರವೇ ನಿಂತಿದ್ದರು. ಕ್ಯಾಮಿಲ್ ಪ್ರಿಸಿಲ್ಲಾಳ ಕೈಯಿಂದ ದಾವೆಯ ಕಾಗದ ತೆಗೆದುಕೊಂಡು ಗೋಡೆಗೆ ಒತ್ತಿಟ್ಟು ಸಹಿ ಹಾಕುತ್ತಿದ್ದಳು. ಲೊರೆಟ್ಟಾಳ ಹೆಸರಿನ ಕೆಳಗೇ.

ಡೆವಿನ್ ಊರುಗೋಲು ಊರಿಕೊಂಡು ಲೊರೆಟ್ಟಾಳ ಹತ್ತಿರ ಬಂದ. "ಮಿಸೆಸ್ ಹುಡಾಕ್, ಡಬ್ಬ ಅವ್ರು ಇಟ್ಕೊಂಡ್ರಲ್ಲ. ಇನ್ಮೇಲೆ ಬಿಸ್ಕತ್ತು ಯಾವುದ್ರಲ್ಲಿ ಕಳಿಸ್ತೀರಿ?"

"ತಟ್ಟೇಲಿ ಕಣಪ್ಪಾ," ಅಂದಳು ಲೊರೆಟ್ಟಾ. "ನಾನೇ ತರ್ತೀನಿ, ಮುಚ್ಚಳ ಹಾಕ್ದೆ."